ಅಮ್ಮನ ಎರಡು ಕಣ್ಣು, ಎರಡು ಬಿಳಿ

ಮಾರ್ಚ್ 16, 2025, ಭಾನುವಾರ
ಜಯನಗರ, ಬೆಂಗಳೂರು

ಬೆಳಿಗ್ಗೆ ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರು ಅಂತ ಹೇಳಿ ಕಾಫಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವಳು ಬಟ್ಟೆ ಒಣಹಾಕುವ ತಂತಿಯ ಹತ್ತಿರ ನಿಂತಿದ್ದಳು. ಕೈಯಲ್ಲಿ ಅಪ್ಪನ ಪಂಚೆ. ಒಮ್ಮೆ ಬಲಗಣ್ಣು ಮುಚ್ಚುತ್ತಾಳೆ, ಒಮ್ಮೆ ಎಡಗಣ್ಣು.

"ಇದೇನೇ, ಪಂಚೆ ಇಷ್ಟೊಂದು ನೀಲಿಯಾಗಿದೆ! ಯಾರು ಹಾಕಿದ್ದು?"

"ನೀನೇ ಅಮ್ಮ. ಯಾವಾಗಲೂ ನೀನೇ ತಾನೇ ನೀಲಿ ಹಾಕೋದು?"

ಬಲಗಣ್ಣಿನ ಪೊರೆ ತೆಗೆಸಿ ಎರಡು ವಾರ ಆಯಿತು. ಎಡಗಣ್ಣಿನದು ಮುಂದಿನ ತಿಂಗಳು. ಹೊಸ ಕಣ್ಣಿಗೆ ಪಂಚೆ ತಿಳಿ ನೀಲಿ. ಹಳೆ ಕಣ್ಣಿಗೆ, ಅವಳ ಮಾತಲ್ಲೇ ಹೇಳಬೇಕೆಂದರೆ, "ಡಿಕಾಕ್ಷನ್ ಪಾತ್ರೆ ತೊಳೆದ ನೀರಲ್ಲಿ ಅದ್ದಿದ ಹಾಗಿದೆ."

ನಮ್ಮ ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಹಳದಿಗೆ ತಿರುಗುತ್ತದೆ. ಪೊರೆ ಬಂದಾಗ ಆಪರೇಷನ್ ಮಾಡಿ ತೆಗೆಯುವುದೂ ಈ ಮಸೂರವನ್ನೇ. ಹಳದಿ ಗಾಜು ನೀಲಿ ಬೆಳಕನ್ನು ತಡೆಯುತ್ತದಲ್ವಾ, ಇದೂ ಹಾಗೇ. ಅದು ಎಷ್ಟು ನಿಧಾನವಾಗಿ ಆಗುತ್ತದೆಂದರೆ ಮಿದುಳು ಅದಕ್ಕೇ ಒಗ್ಗಿಕೊಂಡುಬಿಡುತ್ತದೆ, ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಬಟ್ಟೆಗೆ ನೀಲಿ ಹತ್ತಿದ್ದು ಕಾಣದೆ ಅಮ್ಮ ಇನ್ನೆರಡು ಹನಿ ಜಾಸ್ತಿ ಹಾಕುತ್ತಾ ಬಂದಿದ್ದಾಳೆ. ಕಡುನೀಲಿ ಸೀರೆಯನ್ನು ಕಪ್ಪು ಅಂತ ವಾದಿಸುತ್ತಿದ್ದದ್ದೂ ಇದಕ್ಕೇ. "ಸರಿಯಾಗಿ ನೋಡಮ್ಮ" ಅಂತ ನಾನು ಎಷ್ಟು ಸಲ ಗದರಿದ್ದೇನೋ. ಅವಳು ಸರಿಯಾಗಿಯೇ ನೋಡುತ್ತಿದ್ದಳು. ನೀಲಿ ಬೆಳಕೇ ಒಳಗೆ ಸಾಕಷ್ಟು ತಲುಪುತ್ತಿರಲಿಲ್ಲ. ನೆನೆದರೆ ಕರುಳು ಚುರುಕ್ ಅನ್ನುತ್ತದೆ.

ಮಧ್ಯಾಹ್ನ ಅವಳಿಗೆ ಒಂದು ಆಟ ತೋರಿಸಿದೆ. ಮೊಬೈಲಿನಲ್ಲಿ ಅರಿಶಿನದ ಫೋಟೋ ತೆಗೆದು, ಪರದೆ ಮೇಲೆ ಬೆರಳ ತುದಿಯಿಂದ ಒಂದು ಸಣ್ಣ ಹನಿ ನೀರು ಬಿಟ್ಟೆ. ಹನಿ ಭೂತಗನ್ನಡಿಯಾಯಿತು. ಒಳಗೆ ಹಳದಿ ಚುಕ್ಕೆ ಒಂದೂ ಇಲ್ಲ! ಕೆಂಪು ಚುಕ್ಕೆ, ಹಸಿರು ಚುಕ್ಕೆ, ಅಷ್ಟೇ. ಅಮ್ಮ ಹೊಸ ಕಣ್ಣನ್ನು ಹತ್ತಿರ ತಂದು ತುಂಬಾ ಹೊತ್ತು ನೋಡಿದಳು. "ಹಾಗಾದರೆ ಅರಿಶಿನ ಎಲ್ಲಿಂದ ಬಂತು?"

ಬಂದದ್ದು ನಮ್ಮೊಳಗಿನಿಂದ. ಒಂದೊಂದು ಕಣ್ಣಲ್ಲೂ ಬಣ್ಣ ಗುರುತಿಸುವ ಶಂಕು ಕೋಶಗಳು ಸುಮಾರು 60 ಲಕ್ಷ ಇವೆ. ಆದರೆ ಬಗೆ ಮೂರೇ. ಹಳದಿಗೆಂದೇ ಬೇರೆ ಬಗೆ ಇಲ್ಲ. ಕೆಂಪಿನ ಕಡೆಯದೂ ಹಸಿರಿನ ಕಡೆಯದೂ ಒಟ್ಟಿಗೆ ಮಿಡಿದರೆ ನಮಗೆ ಹಳದಿ ಕಾಣುತ್ತದೆ. ಬಣ್ಣ ಗ್ರಹಿಸುವುದಕ್ಕೆ ಮೂರು ಬಗೆ ಸಾಕು ಅಂತ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1802ರಲ್ಲೇ ಹೇಳಿದ್ದರು, ಆ ಕೋಶಗಳ ಗುಟ್ಟು ತಿಳಿಯುವ ಎಷ್ಟೋ ಮೊದಲು. ಮೂರರಲ್ಲಿ ನೀಲಿಯವು ತೀರಾ ಕಡಿಮೆ, ನೂರಕ್ಕೆ ಹತ್ತರಷ್ಟೂ ಇಲ್ಲ. ಮೊದಲೇ ಕಡಿಮೆ, ಅದರ ಮೇಲೆ ಹಳದಿ ಪರದೆ ಬೇರೆ.

ಸಂಜೆ ಬಿಸಿಲು ಇಳಿದ ಮೇಲೆ ಅಮ್ಮನಿಗೆ ಕಪ್ಪು ಕನ್ನಡಕ ಹಾಕಿಸಿ ಹೊರಗೆ ಕರೆದುಕೊಂಡು ಹೋದೆ. ನಮ್ಮ ರಸ್ತೆಯ ಕೊನೆಯ ಜಕರಂಡ ಮರ ಈಗ ಮೈತುಂಬಾ ನೀಲಿ-ನೇರಳೆ ಹೂ ಬಿಟ್ಟಿದೆ. ಸರ್ ಸಿ.ವಿ. ರಾಮನ್ ಕೊನೆಗಾಲದಲ್ಲಿ ಇದೇ ಊರಿನಲ್ಲಿ ಕೂತು ಹೂವಿನ ಬಣ್ಣ, ಕಣ್ಣು ಬಣ್ಣ ಕಾಣುವ ಬಗೆ ಅಂತ ತಲೆ ಕೆಡಿಸಿಕೊಂಡಿದ್ದರು. ಬೆಂಗಳೂರಿನ ಮಾರ್ಚ್ ತಿಂಗಳಲ್ಲಿ ಬದುಕಿದವರಿಗೆ ಅದು ಆಶ್ಚರ್ಯ ಅನ್ನಿಸುವುದಿಲ್ಲ.

ಅಮ್ಮ ಕನ್ನಡಕ ತೆಗೆದಳು. ಎಡಗಣ್ಣು ಮುಚ್ಚಿ ಮೇಲೆ ನೋಡಿದಳು. ಆಮೇಲೆ ಬಲಗಣ್ಣು ಮುಚ್ಚಿ. ಮತ್ತೆ ಎಡಗಣ್ಣು ಮುಚ್ಚಿ. ಪ್ರತಿ ವರ್ಷ ಈ ಮರದ ಕೆಳಗೇ ತರಕಾರಿಗೆ ಹೋಗಿ ಬಂದವಳು ಅವಳು. "ಬೂದಿ ಬಣ್ಣದ ಹೂವು" ಅನ್ನುತ್ತಿದ್ದಳು.

ಕೆಳಗೆ ಬಿದ್ದಿದ್ದ ಒಂದು ಹೂ ಎತ್ತಿ, ಧೂಳು ಊದಿ, ಸೆರಗಿನ ತುದಿಗೆ ಕಟ್ಟಿಕೊಂಡಳು. "ಆ ಕಣ್ಣಿನ ಆಪರೇಷನ್ ಆಗೋ ಹೊತ್ತಿಗೆ ಈ ಹೂವೆಲ್ಲಾ ಉದುರಿಹೋಗಿರುತ್ತಾ?" ಅಂತ ಕೇಳಿದಳು.

ನಾಳೆ ಡಾಕ್ಟರಿಗೆ ಫೋನ್ ಮಾಡಬೇಕು.