ಸಭಾಭವನದ ಸ್ವಿಚ್ಚಿನಲ್ಲಿ ಮಲ್ಟಿಕಾಸ್ಟ್: ಈ ವಾರದ ಕೆಲಸ

ಬದಿಯಡ್ಕ ಕಡೆಯ ಸಭಾಭವನ. ರಂಗಸ್ಥಳಕ್ಕೆ ಮೂರು ಕ್ಯಾಮೆರಾ, ಒಂದೊಂದರದು 8 ಎಂಬಿಪಿಎಸ್. ಚೌಕಿ (ವೇಷ ಕಟ್ಟುವ ಕೋಣೆ), ಊಟದ ಹಾಲ್, ಆಫೀಸು ಸೇರಿ ಆರು ಟಿವಿ. 24 ಪೋರ್ಟಿನ ಒಂದು ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದದ್ದು). ಚಿತ್ರ ಹೋಗುವುದು ಮಲ್ಟಿಕಾಸ್ಟಿನಲ್ಲಿ: ಕ್ಯಾಮೆರಾ ತನ್ನ ಸ್ಟ್ರೀಮನ್ನು ಒಂದು ಗುಂಪಿನ ವಿಳಾಸಕ್ಕೆ ಕಳಿಸುತ್ತದೆ, ಬೇಕಾದ ಟಿವಿಗಳು ಆ ಗುಂಪಿಗೆ ಸೇರುತ್ತವೆ.

ಶನಿವಾರ: ಸ್ನೂಪಿಂಗ್ (ಯಾವ ಪೋರ್ಟಿಗೆ ಯಾವ ಗುಂಪು ಬೇಕೆಂದು ಸ್ವಿಚ್ ಗಮನಿಸಿ ಅಲ್ಲಿಗೆ ಮಾತ್ರ ಕಳಿಸುವುದು) ಆಫ್ ಇದ್ದಾಗ ಮೂರೂ ಸ್ಟ್ರೀಮ್ ಎಲ್ಲ ಪೋರ್ಟಿಗೂ ಹರಿಯುತ್ತವೆ. ಕೇಬಲಿನಲ್ಲಿರುವ ಟಿವಿಗಳಿಗೆ 24 ಎಂಬಿಪಿಎಸ್ ಭಾರವಲ್ಲ. ವೈಫೈ ಮಾತ್ರ ಪೂರ್ತಿ ಮಲಗಿತು. ಮಲ್ಟಿಕಾಸ್ಟನ್ನು ಅದು ಸಾಮಾನ್ಯವಾಗಿ ತನ್ನ ಅತಿ ಕಡಿಮೆ ವೇಗದಲ್ಲೇ ಕಳಿಸುತ್ತದೆ.

ಭಾನುವಾರ: ಐಜಿಎಂಪಿ (ಗುಂಪು ಬೇಕು, ಬೇಡ ಎಂದು ಸಾಧನಗಳು ತಿಳಿಸುವ ಪ್ರೋಟೋಕಾಲ್) ಸ್ನೂಪಿಂಗ್ ಆನ್, ನೋಂದಣಿಯಿಲ್ಲದ ಗುಂಪುಗಳಿಗೆ ಡ್ರಾಪ್. ನಾಲ್ಕು ನಿಮಿಷ ದಾಟುತ್ತಲೇ ಟಿವಿಗಳಲ್ಲಿ ಚಿತ್ರ ನಿಂತಿತು. ಚಾನೆಲ್ ಬದಲಿಸಿ ಹಾಕಿದರೆ ಬರುತ್ತದೆ, ಅಷ್ಟೇ ಹೊತ್ತಿಗೆ ಮತ್ತೆ ನಿಲ್ಲುತ್ತದೆ. ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ‘ಈ ಗುಂಪು ಇನ್ನೂ ಬೇಕೇ’ ಎಂದು ಕೇಳುವ ಕ್ವೆರಿಯರ್ ನೆಟ್‌ವರ್ಕಿನಲ್ಲಿ ಇರಲೇ ಇಲ್ಲ. ಕೇಳದಿದ್ದರೆ ಟಿವಿ ಸುಮ್ಮನಿರುತ್ತದೆ, 260 ಸೆಕೆಂಡಿಗೆ ಸ್ವಿಚ್ ಆ ಪೋರ್ಟನ್ನು ಪಟ್ಟಿಯಿಂದ ತೆಗೆಯುತ್ತದೆ: 125 ಸೆಕೆಂಡಿನ ಎರಡು ಸುತ್ತು, ಉತ್ತರಕ್ಕೆ 10. ಸ್ವಿಚ್ಚಿನಲ್ಲೇ ಕ್ವೆರಿಯರ್ ಆನ್ ಮಾಡಿ ವಿಲಾನ್ 20ಕ್ಕೆ (ಸ್ವಿಚ್ಚಿನೊಳಗೇ ಬೇರ್ಪಡಿಸಿದ ನೆಟ್‌ವರ್ಕ್) 10.20.0.2 ವಿಳಾಸ ಕೊಟ್ಟಾಯಿತು. ವಿಳಾಸ ಕೊಡದೆ ಬಿಡಬಾರದು, 0.0.0.0ಯಿಂದ ಬಂದ ಪ್ರಶ್ನೆಯನ್ನು ಕೆಲವು ಸಾಧನಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸೋಮವಾರ: ಟಿವಿ ನಿಲ್ಲುತ್ತಿಲ್ಲ, ಆದರೂ ವೈಫೈ ನಿಧಾನ. ಮೂರನೇ ಕ್ಯಾಮೆರಾದ ಸ್ಟ್ರೀಮ್ ಇನ್ನೂ ಎಲ್ಲ ಪೋರ್ಟಿನಲ್ಲೂ ಕಾಣುತ್ತಿತ್ತು. ಅದರ ವಿಳಾಸ 239.0.0.5. ಐಪಿ ವಿಳಾಸದ ಕೊನೆಯ 23 ಬಿಟ್ ಮಾತ್ರ ಮ್ಯಾಕ್ ವಿಳಾಸಕ್ಕೆ (ಸ್ವಿಚ್ ನೋಡುವ ಹಾರ್ಡ್‌ವೇರ್ ವಿಳಾಸ) ಇಳಿಯುವುದರಿಂದ ಇದಕ್ಕೂ 224.0.0.5ಕ್ಕೂ ಒಂದೇ ಮ್ಯಾಕ್. 224.0.0 ಸಾಲಿನದನ್ನು ಸ್ವಿಚ್ ತಡೆಯುವಂತಿಲ್ಲ, ರೂಟರುಗಳ ಮಾತುಕತೆ ಅಲ್ಲಿ ನಡೆಯುತ್ತದೆ. 239.20.1.3 ಎಂದು ಬದಲಿಸಿದ ಕೂಡಲೇ ವೈಫೈ ಸರಿಯಾಯಿತು. ಹೊಸ ಕ್ಯಾಮೆರಾ ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಮಂಗಳವಾರ: ಫಾಸ್ಟ್ ಲೀವ್, ಅಂದರೆ ಟಿವಿ ಗುಂಪು ಬಿಟ್ಟ ಕೂಡಲೇ, ಬೇರೆ ಯಾರಿಗಾದರೂ ಬೇಕೇ ಎಂದು ಕೇಳದೆ ಆ ಪೋರ್ಟಿಗೆ ಸ್ಟ್ರೀಮ್ ಕಡಿಯುವುದು. ಒಂದೇ ಟಿವಿ ಇರುವ ನಾಲ್ಕು ಪೋರ್ಟಿಗೆ ಆನ್, ಚಾನೆಲ್ ಬದಲಿಸಿದೊಡನೆ ಹಳೆಯ ಸ್ಟ್ರೀಮ್ ನಿಲ್ಲುತ್ತದೆ. ಚೌಕಿಯ ಪೋರ್ಟಿಗೆ ಆಫ್. ಅಲ್ಲಿ ಒಂದು ಸಣ್ಣ ಸ್ವಿಚ್ಚಿನ ಹಿಂದೆ ಎರಡು ಟಿವಿ. ಆನ್ ಇದ್ದಾಗ ಒಂದು ಟಿವಿ ಚಾನೆಲ್ ಬಿಟ್ಟರೆ ಇನ್ನೊಂದರದೂ ಕಡಿಯುತ್ತದೆ. ಕನ್ನಡಿ ಹಿಡಿದು ಬಣ್ಣ ಹಚ್ಚುತ್ತಾ ತನ್ನ ಪ್ರವೇಶಕ್ಕೆ ಕಾಯುವ ವೇಷಧಾರಿಯ ಎದುರಿನ ಟಿವಿ ಅದು, ಕಪ್ಪಾಗಲೇಬಾರದು. ಹಳೆಯ ಸ್ಟ್ರೀಮ್ ನಿಲ್ಲುವುದು ಎರಡು ಸೆಕೆಂಡು ತಡವಾದರೂ ಅಡ್ಡಿಯಿಲ್ಲ.

ಸಂಜೆ ಕರೆಂಟು ಹೋಗಿ ಬಂದಾಗ ಫಾಸ್ಟ್ ಲೀವ್ ಸೆಟ್ಟಿಂಗ್ ಅಳಿಸಿಹೋಗಿತ್ತು, ಸೇವ್ ಆಗಿರಲಿಲ್ಲ. ಮತ್ತೆ ಹಾಕಿ ಸ್ಟಾರ್ಟಪ್ ಕಾನ್ಫಿಗಿಗೆ (ಸ್ವಿಚ್ ಶುರುವಾಗುವಾಗ ಓದುವ ಸೆಟ್ಟಿಂಗ್) ಬರೆದು, ಸ್ವಿಚ್ ಒಮ್ಮೆ ಆರಿಸಿ ಹಚ್ಚಿ ನೋಡಿದೆವು. ಇದೆ.

ಬಾಕಿ: ಊಟದ ಹಾಲಿಗೆ ಎರಡನೇ ಸ್ವಿಚ್. ಅದರಲ್ಲೂ ಕ್ವೆರಿಯರ್ ಇಟ್ಟರೆ ಕಡಿಮೆ ಐಪಿಯದ್ದೇ ಗೆಲ್ಲುವುದು, ಹಾಗಾಗಿ ಈಗಿನದೇ ಮುಂದುವರಿಯಲೆಂದು ಅದಕ್ಕೆ 10.20.0.3.