ಹೊಲವೂ ನಮ್ಮದೇ, ಲಾರಿಯೂ ನಮ್ಮದೇ

ಬಳ್ಳಾರಿ ಜಿಲ್ಲೆಯ ಸಂಡೂರಿನವನು ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳೋದು ಒಂದೇ: "ನಿಮಗೆ ಗಣಿ ಬೇಕೋ, ಕಾಡು ಬೇಕೋ?" ನಮ್ಮ ಮನೆಯಲ್ಲಿ ಈ ಪ್ರಶ್ನೆ ಯಾವತ್ತೂ ಹೀಗೆ ಎದ್ದಿಲ್ಲ. ರಸ್ತೆ ಪಕ್ಕದ ಹತ್ತಿ ಹೊಲ ನಮ್ಮದು. ಆ ರಸ್ತೆಯಲ್ಲಿ ಕಬ್ಬಿಣದ ಅದಿರು ಹೊತ್ತು ಓಡುತ್ತಿದ್ದ ಹತ್ತು ಚಕ್ರದ ಲಾರಿಯೂ ನಮ್ಮದೇ.

ಅಪ್ಪ ಸಾಲ ಮಾಡಿ ಲಾರಿ ತಂದದ್ದು ಚೀನಾ ನಮ್ಮ ಅದಿರು ಕೊಳ್ಳುತ್ತಿದ್ದ ಭರಾಟೆಯಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ. ಅಲ್ಲಿವರೆಗೆ ಮೈನ್ಸ್‌ನವರು ಗುಡ್ಡದ ಬದಿಗೆ ಸುರಿದು ಮರೆತಿದ್ದ ಫೈನ್ಸ್‌ಗೆ, ಅಂದರೆ ಪುಡಿ ಅದಿರಿಗೆ, ಏಕಾಏಕಿ ಬೆಲೆ ಬಂತು. ಶೇಂಗಾ ಬಿತ್ತೋದು ಬಿಟ್ಟು ಪಟ್ಟಾ ಜಮೀನಿನ ಮೇಲ್ಮಣ್ಣನ್ನೇ ಕೆರೆದು ಮಾರಿದವರಿದ್ದಾರೆ. ಬೇಲೆಕೇರಿ, ಮಂಗಳೂರು, ಆಂಧ್ರದ ಕೃಷ್ಣಪಟ್ಟಣಂ ಬಂದರು ಅಂತ ಹಗಲೂ ರಾತ್ರಿ ಲಾರಿಗಳ ಸಾಲು.

ಹೊಲದ ಕಥೆ ಬೇರೆ. ಹತ್ತಿ ಒಡೆದ ಎರಡೇ ದಿನಕ್ಕೆ ರಸ್ತೆ ಕಡೆಯ ಸಾಲುಗಳು ಕೆಂಪಗಾಗುತ್ತಿದ್ದವು. ಅವ್ವ ಬಿಡಿಸುವಾಗ ಒಳಗಿನ ಸಾಲಿನದ್ದು ಒಂದು ಚೀಲ, ರಸ್ತೆ ಬದಿಯದ್ದು ಇನ್ನೊಂದು ಚೀಲ. ವ್ಯಾಪಾರಿ ಎರಡನೆಯದರೊಳಗೆ ಕೈ ಹಾಕಿ ಬೆರಳು ನೋಡಿಕೊಂಡೇ ರೇಟು ಇಳಿಸುತ್ತಿದ್ದ. ಆ ಧೂಳಿನಲ್ಲಿ ನಮ್ಮ ಲಾರಿಯದ್ದೆಷ್ಟು ಅಂತ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನದ್ದೂ. ನಿಲ್ಲಿಸಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆ ವರ್ಷ ಹತ್ತಿ ಬೆಳ್ಳಗೆ ಬಂತು. ಲಾರಿ ಮಾತ್ರ ಬೇವಿನ ಮರದಡಿ ನಿಂತಿತು. "ಲಾರಿ ನಿಂತ್ರ ಕಂತು ನಿಲ್ತದೇನು?" ಅಂತ ಚಿಕ್ಕಪ್ಪ ಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಲೂಟಿ ಹೊಡೆದವರಿಗೆ ವಕೀಲರಿದ್ದರು, ಕಂತಿನವರಿಗೆ ಯಾರೂ ಇರಲಿಲ್ಲ.

2013ರಲ್ಲಿ ಕೋರ್ಟು ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, ಅಕ್ರಮ ಹೆಚ್ಚಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಹಾಕಿತು. ಆ ಮಿತಿ 2022ರಲ್ಲಿ 3.5 ಕೋಟಿ ಟನ್ ಆಯಿತು. ಅದೇ ವರ್ಷ ರಫ್ತಿಗೂ ಮತ್ತೆ ಅನುಮತಿ ಸಿಕ್ಕಿತು. ಅದಿರು ಹೆಚ್ಚಾದರೆ ಲಾರಿಗೆ ಕೆಲಸ ಹೆಚ್ಚಬೇಕಲ್ಲ? ಅಷ್ಟರಲ್ಲಿ ನಂದಿಹಳ್ಳಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆವರೆಗೆ ಸುಮಾರು 24 ಕಿ.ಮೀ. ಉದ್ದದ ಪೈಪ್ ಕನ್ವೇಯರ್ ಬಂದಿತ್ತು. ಬೆಲ್ಟು ಕೊಳವೆಯಂತೆ ಸುತ್ತಿಕೊಂಡು ಅದಿರನ್ನು ಒಳಗಿಟ್ಟುಕೊಂಡೇ ಹೋಗುತ್ತದೆ. ಧೂಳಿಲ್ಲ, ಡೀಸೆಲ್ ಹೊಗೆಯಿಲ್ಲ, ಸಂತೆಗೆ ಹೊರಟ ಬೈಕಿನವರು ಲಾರಿಗೆ ಸಿಕ್ಕಿ ಸಾಯೋದಿಲ್ಲ. ಹೊಲದವನಾಗಿ ನಾನು ಅದಕ್ಕೆ ಕೈ ಮುಗಿಯುತ್ತೇನೆ. ಚಿಕ್ಕಪ್ಪನಿಗೆ ಅದರ ಮಾತೆತ್ತಿದರೇ ಸಿಟ್ಟು. ಲಾರಿಯನ್ನು ಗುಜರಿಗೆ ಹಾಕಿ, ಈಗ ಮೈನ್ಸ್ ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ಓಡಿಸುತ್ತಾನೆ.

ನನ್ನ ತಕರಾರು ಬೆಲ್ಟಿನ ಮೇಲಲ್ಲ, ದುಡ್ಡಿನ ಮೇಲೆ. ಕೋರ್ಟಿನ ಆದೇಶದಂತೆ ಅದಿರು ಮಾರಿದ ದುಡ್ಡಿನಲ್ಲಿ ಎ ವರ್ಗದ ಗಣಿಗಳಿಂದ ಶೇ. 10, ಬಿ ವರ್ಗದಿಂದ ಶೇ. 15 ಮುರಿದುಕೊಂಡು ಗಣಿಬಾಧಿತ ಪ್ರದೇಶಕ್ಕೆಂದೇ ಎತ್ತಿಟ್ಟರು. ಅದನ್ನು ಖರ್ಚು ಮಾಡಲು ಗಣಿ ಪರಿಸರ ಪುನಶ್ಚೇತನ ನಿಗಮವೇ ಇದೆ, ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಯಿದೆ. ಆದರೆ ಎಷ್ಟೋ ವರ್ಷ ದುಡ್ಡು ಖಾತೆಯಲ್ಲೇ ಬೆಳೆಯಿತು. ಖರ್ಚಿನ ದಾರಿ ತೆರೆದದ್ದು 2022ರಲ್ಲಿ. ರಸ್ತೆ, ರೈಲು, ಆಸ್ಪತ್ರೆ, ಶಾಲೆ ಎಲ್ಲ ಬೇಕು, ಬೇಡವೆನ್ನಲ್ಲ. ಆದರೆ ಬೆಲ್ಟಿನಿಂದ ಕೆಲಸ ಕಳಕೊಂಡವನ ಹಳೇ ಲಾರಿಯನ್ನು ನ್ಯಾಯವಾದ ಬೆಲೆಗೆ ಕೊಂಡು, ಅವನ ಸಾಲ ತೀರಿಸಿ, ಬೇರೆ ಕಸುಬಿಗೆ ಬಂಡವಾಳ ಕೊಡೋದೂ ಪುನಶ್ಚೇತನವೇ. ಅಷ್ಟು ದೊಡ್ಡ ಗಂಟಿನಲ್ಲಿ ಅದಕ್ಕೆ ತಗಲುವುದು ಚಿಲ್ಲರೆ. ಮುಂದಿನ ಬೆಲ್ಟಿಗೆ ಅನುಮತಿ ಕೊಡುವ ಮೊದಲು ಈ ಲೆಕ್ಕ ಬರೆದಿಡಲಿ.