ಸಂಜೆಗೇ ಮನೆಗೆ ಬಂದ ಅಕ್ಕ

ನ್ಯೂಜೆರ್ಸಿಯಲ್ಲಿರುವ ಅಕ್ಕನಿಗೆ ಬೆಳಿಗ್ಗೆ ಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ನಡೆದು, ಸಂಜೆಗೆ ಅವಳು ಮನೆಯ ಸೋಫಾದ ಮೇಲೆ ಕುಳಿತಿದ್ದಾಳೆ ಎಂದಾಗ ಊರಿನಲ್ಲಿದ್ದ ಅಮ್ಮ ನಂಬಲೇ ಇಲ್ಲ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್, ಒಳರೋಗಿಯಾಗಿಯೇ ಮಾಡಿಸಿಕೊಳ್ಳಬೇಕಾದ ಚಿಕಿತ್ಸೆಗಳ ಪಟ್ಟಿಯಿಂದ ಮಂಡಿಯದನ್ನು 2018ರಲ್ಲಿ, ಸೊಂಟದ ಕೀಲಿನದನ್ನು 2020ರಲ್ಲಿ ಕೈಬಿಟ್ಟಿತು. ಬೆನ್ನಿಗೆ ಕೊಡುವ ಅರಿವಳಿಕೆ, ತೊಡೆಯ ನರವನ್ನು ಮರಗಟ್ಟಿಸುವ ಚುಚ್ಚುಮದ್ದು, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಇವೆಲ್ಲ ಕೂಡಿ, ಕೆಲವೇ ಗಂಟೆಗಳಲ್ಲಿ ವಾಕರ್ ಹಿಡಿದು ನಡೆಯುವುದನ್ನು ಸಾಧ್ಯವಾಗಿಸಿವೆ. ಆದರೆ ತೀವ್ರ ಹೃದ್ರೋಗವಿರುವವರಿಗೂ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರಿಗೂ ಹೀಗೆ ಅದೇ ದಿನ ಮನೆಗೆ ಮರಳುವುದು ತಕ್ಕುದಲ್ಲ.

ಆರೈಕೆಗೆಂದು ಹದಿನೈದು ದಿನ ನಾನು ಅಲ್ಲಿದ್ದೆ. ಮಂಡಿಯ ಕೆಳಗೆ ದಿಂಬು ಇಡಲು ಹೋದಾಗ ಫಿಸಿಯೋಥೆರಪಿಸ್ಟ್ ತಡೆದು, ಅದನ್ನು ಹಿಮ್ಮಡಿಯ ಕೆಳಗೆ ಸರಿಸಿದರು. ಮಂಡಿ ಮಡಿಸಿಕೊಂಡೇ ಇದ್ದರೆ ಮುಂದೆ ಕಾಲು ಪೂರ್ತಿ ನೇರವಾಗುವುದು ಕಷ್ಟವಂತೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ನೆಲದ ಜಮಖಾನೆಗಳನ್ನು ಸುತ್ತಿಟ್ಟು, ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಹಚ್ಚಿಟ್ಟೆವು.

ನರದ ಮದ್ದು ಇಳಿದ ಎರಡನೆಯ ರಾತ್ರಿಯೇ ಅತ್ಯಂತ ಕಠಿಣವಾಗಿತ್ತು. "ಐಸ್ ಬದಲಿಸೇ" ಎಂದು ಅಕ್ಕ ಮೂರು ಬಾರಿ ಎಬ್ಬಿಸಿದಳು. ಮನೆಗೆ ಕಳುಹಿಸುವವರು ಈ ರಾತ್ರಿಯ ಬಗ್ಗೆ ಮೊದಲೇ ಬಿಡಿಸಿ ಹೇಳಬೇಕೆಂದು ನನ್ನ ದೃಢ ಅಭಿಪ್ರಾಯ. ಮೀನಖಂಡದಲ್ಲಿ ಹೊಸ ನೋವು, ಊತ ಕಾಣಿಸಿದರೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ವೈದ್ಯರಿಗೆ ತಿಳಿಸಬೇಕು. ಉಸಿರಾಟ ಕಷ್ಟವಾದರೆ ಆಂಬುಲೆನ್ಸ್ ಕರೆಯಬೇಕು. ಹನ್ನೊಂದನೆಯ ದಿನ ಅಕ್ಕ ವಾಕರ್ ಹಿಡಿದು ಅಡುಗೆಮನೆಗೆ ಬಂದು, ಒಗ್ಗರಣೆಗೆ ಸಾಸಿವೆ ತಾನೇ ಹಾಕಿದಳು.